ಐದೂವರಿ ಪಂಚಾಂಗ

ಬೆಳಗಾಗೂದರೊಳಗ ಹನ್ನೊಂದು ಸಾಲು
ಫೋನಿನೊಳಗ ಬಂದು ಕೂತಿರತಾವ.
ಛಾ ಕುಡಿಯೂಕಿಂತ ಮೊದಲ ಓದತೀನಿ.
ಏನವ್ವಾ ಅದು ಅಂದ್ರ, ಪಂಚಾಂಗ ಅಂತೀನಿ.

ಸೂಪರ್ ಮಾರ್ಕೆಟ್ ಹಿಂದಿನ ರಕ್ತದ ಲ್ಯಾಬಿಗೆ ವಿಂಡೋಸು.
ಗುಂಡೇರಾಯರ ಪ್ರೆಸ್ಸಿಗೆ ಮ್ಯಾಕು, ಹನ್ನೆರಡು ವರ್ಷದ್ದು.
ಕಲ್ಯಾಣಪ್ಪನ ದಾಲ್ ಮಿಲ್ಲಿನ ತೂಕದ ಕೋಣಿಯೊಳಗ ಉಬುಂಟು,
ಅದಕ್ಕ ರೊಕ್ಕ ಕೊಡೂದಿಲ್ಲ ಅಂತ ನಾನೇ ಹೇಳಿದ್ದೆ.
ಒಂದು ಓಕೆ ಅಂತದ, ಒಂದು ವೆರಿಫೈಡ್, ಒಂದು ಪಾಸ್ಡ್.
ಮದಿವಿ ಮನಿಂದ ಹೊಂಟ ಬೀಗರಂಗ:
ಎಲ್ಲಾ ಛಲೋ ಆಯ್ತು ನೋಡ್ರಿ, ಎಲ್ಲಾ ಛಲೋ.

ಅದಕ್ಕ ನಾ ಕೆಳಗ ಇಳಿದು ಅಂಕಿ ಕೇಳತೀನಿ.
ಐದು: ಎಷ್ಟು ಜಾಗ ಸತ್ತು ಬ್ಯಾರೆ ಕಡೆ ಮನಿ ಮಾಡ್ಯಾವ.
ಒಂಬತ್ತು: ಎಷ್ಟು ತಾಸು ತಿರುಗ್ಯದ.
ನೂರಾತೊಂಬತ್ನಾಕು: ಮೈ ಎಷ್ಟು ಕಾದದ.
ನೂರಾತೊಂಬತ್ತೇಳು: ಓದಲಿಕ್ಕ ಹೋಗಿ, ತೊದಲಿ,
ನಾಳಿ ನೋಡೂಣು ಅಂತ ಬಿಟ್ಟ ಜಾಗ ಎಷ್ಟು.
ಉರ್ದು, ಕನ್ನಡ, ತೆಲುಗು ಆಡೋ ನಮ್ಮ ಓಣಿಗೆ
ಜ್ವರ ಬಂದ್ರ ಒಂದೇ ಥರ್ಮಾಮೀಟರು,
ಹಂಗ.

ಮಸ್ತಾನಸಾಬ್ ಉಸ್ತಾದರಿಗೆ ಅಂಕಿ ಬೇಕಾಗಿದ್ದಿಲ್ಲ.
ಸ್ಕ್ರೂಡ್ರೈವರಿನ ತುದಿ ಡಿಸ್ಕಿನ ಮ್ಯಾಲ, ಹಿಡಿಕಿ ಕಿವಿಗೆ,
ಕಣ್ಣು ಮುಚ್ಚಿ:
"ಬೇಟಿ, ಇದು ಹಲ್ಲು ಕಡೀಲಿಕತ್ತದ. ಜುಮ್ಮಾದೊಳಗ ಇಳಸಿಕೋ."
ಶುಕ್ರವಾರ ಬರತಿತ್ತು, ಡಿಸ್ಕು ಹೋಗತಿತ್ತು.
ಈಗ ಡಿಸ್ಕು ಹನ್ನೊಂದು ಕಡೆ, ಉಸ್ತಾದರು ಇಲ್ಲ.

ಮೇ ತಿಂಗಳು. ಹೊರಗ ನಲವತ್ನಾಕು.
ಮಿಲ್ಲಿನ ಡಿಸ್ಕು ಐವತ್ತೆಂಟು ತೋರಸ್ತದ.
"ನಿಮ್ಮ ಡಿಸ್ಕಿಗಷ್ಟೇ ಏನು, ನನಗೂ ಸೆಕಿ ಅದ"
ಅಂದ ಕಲ್ಯಾಣಪ್ಪ, ಫೋನಿನೊಳಗ.
ಆದ್ರೂ ತೊಗರಿ ಹೊಟ್ಟು ಊದಿಸಿ, ತನ್ನ ಫ್ಯಾನು ಅದರ ಕಡೆ ತಿರುವಿದ.
ಸಂಜಿಗೆ ನಲವತ್ತೊಂಬತ್ತು.

ಗುಂಡೇರಾಯರ ಬ್ಯಾಕಪ್ ಡಬ್ಬಿ ಮಾತ್ರ ಬಾಯಿ ಬಿಡಂಗಿಲ್ಲ.
ಅದರ ಯುಎಸ್‌ಬಿ ಸಂದು ಅಂಕಿ ದಾಟಗೊಡಂಗಿಲ್ಲ.
ಹನ್ನೊಂದನೇ ಸಾಲಿಗೆ ದಿನಾ ಒಂದೇ ಮಾತು: ಗೊತ್ತಿಲ್ಲ.
ಉಳದ ಹತ್ತಕ್ಕಿಂತ ನನಗ ಅದೇ ಖರೇ ಅನಸ್ತದ.

ಲ್ಯಾಬಿನ ನೂರಾತೊಂಬತ್ತೇಳು ಸೋಮವಾರ ಸೊನ್ನಿ ಇತ್ತು.
ಮಂಗಳವಾರ ಎಂಟು.
ಬುಧವಾರ ಹದಿನಾರು.
ಓಕೆ, ಅಂತಿತ್ತು ವಿಂಡೋಸು, ಮೂರೂ ದಿನ.
"ಪೇಶಂಟ್ ಲೈನ್ ಅದ, ಇವತ್ತ ಬ್ಯಾಡ" ಅಂದಳು ಜಗದೇವಿ.
ರಾತ್ರಿ ಒಂಬತ್ತಕ್ಕ ಶಟರ್ ಅರ್ಧ ಇಳಸಿ
ಹಳೇದರಿಂದ ಹೊಸಾದಕ್ಕ ಸುರುವಿದ್ವಿ.
ಆಕಿ ಊದಿನಕಡ್ಡಿ ಹಚ್ಚಿದಳು. ಹೊಗಿ ಬ್ಯಾಡ, ಅಂದೆ. ಆರಿಸಿದಳು.
ಎರಡು ತಾಸು. ಕರೆಂಟ್ ಹೋಗಲಿಲ್ಲ.
ಕಡೀಕ ಒಂದು ತುಣುಕು ಬರಲೇ ಇಲ್ಲ,
ಹದಿನೇಳು ಸಲ ಕೇಳಿದ್ರೂ.

ಐನೂರಾ ಹನ್ನೆರಡು ಬೈಟು.
ಇಂಗ್ಲಿಷಿನ್ಯಾಗಾದ್ರ ಐನೂರಾ ಹನ್ನೆರಡು ಅಕ್ಷರ.
ಕನ್ನಡದಾಗ ನೂರಾಎಪ್ಪತ್ತೂ ಹಿಡಿಯಂಗಿಲ್ಲ,
ಒತ್ತಿಗೆ, ಕೊಂಬಿಗೆ, ದೀರ್ಘಕ್ಕ ಬ್ಯಾರೆ ಬ್ಯಾರೆ ಜಾಗ ಬೇಕಲ್ಲ.
ಈ ಪದ್ಯದ ಮೂರೋ ನಾಕೋ ಸಾಲು.
ಯಾರದೋ ಸಕ್ರಿ, ಯಾರದೋ ಬಿಲ್ಲು,
ಇಲ್ಲಾ ಬರೇ ಖಾಲಿ.

ಜಗದೇವಿ ರಿಜಿಸ್ಟರಿನ ಅಂಚಿಗೆ ತಾರೀಖು ಹಾಕಿ ಬರದಳು:
"ಒಂದು ಹೋಗ್ಯದ. ಯಾವದು ಗೊತ್ತಿಲ್ಲ.
ಯಾರರ ಕೇಳಲಿಕ್ಕ ಬಂದ್ರ ಮತ್ತ ರಕ್ತ ತಗೋಬೇಕು.
ರೊಕ್ಕ ತಗೋಬಾರದು."

ಹಳೇ ಡಿಸ್ಕು ಮನಿಗೆ ತಂದು, ಒಮ್ಮೆ ಕರೆಂಟ್ ಕೊಟ್ಟು,
ಸ್ಕ್ರೂಡ್ರೈವರ್ ಹಿಡಿಕಿ ಕಿವಿಗೆ ಇಟಗೊಂಡೆ.
ಕೂಲರಿನ ಸಪ್ಪಳಾ ಬಿಟ್ರ ಏನೂ ಕೇಳಲಿಲ್ಲ.
ಎದ್ದು ಕೂಲರ್ ಬಂದ್ ಮಾಡಿ ಬಂದೆ.